ರಂಗದ ವಿಘ್ನ, ಸಭೆಯ ನಗೆ



ಲೋಕದಲ್ಲಿ ನಡೆದ ಮೊಟ್ಟಮೊದಲನೆಯ ನಾಟಕವೇ ಸುಸೂತ್ರವಾಗಿ ನಡೆಯಲಿಲ್ಲವೆಂದು ಭರತಮುನಿಗಳು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಹೇಳುತ್ತಾರೆ. ಇಂದ್ರಧ್ವಜದ ಉತ್ಸವ. ದೇವತೆಗಳು ದೈತ್ಯರನ್ನು ಗೆದ್ದ ಕಥೆಯನ್ನು ಆಡುತ್ತಿದ್ದಾರೆ. ತಮ್ಮ ಸೋಲನ್ನೇ ಆಟವಾಗಿ ಕಂಡ ದೈತ್ಯರಿಗೆ ಹೇಗಾಗಿರಬೇಡ! ವಿಘ್ನಗಳನ್ನು ಕೂಡಿಕೊಂಡು ನಟರ ಮಾತು, ನಡೆ, ನೆನಪು ಮೂರನ್ನೂ ಸ್ತಂಭನ ಮಾಡಿಬಿಟ್ಟರು. ಇಂದ್ರನು ಧ್ವಜದ ಕೋಲನ್ನೇ ಹಿಡಿದು ಅವರನ್ನು ಜರ್ಜರಗೊಳಿಸಿದ. ಆ ಕೋಲಿಗೆ ಜರ್ಜರವೆಂದೇ ಹೆಸರಾಯಿತು. ವಿಶ್ವಕರ್ಮನಿಂದ ನಾಟ್ಯಗೃಹ ಕಟ್ಟಿಸಿದ್ದು ಆಮೇಲೆ.

ಅಷ್ಟಕ್ಕೇ ಬಿಡದೆ ಮುನಿಗಳು ಮುಂದೆ ಸಿದ್ಧಿಯ ವಿಚಾರ ಹೇಳುವಾಗ ನಾಟಕವನ್ನು ಕೆಡಿಸುವ ಘಾತಗಳನ್ನು ಎಣಿಸಿಯೇ ಕೊಡುತ್ತಾರೆ. ಗಾಳಿ, ಬೆಂಕಿ, ಮಳೆ, ಆನೆ, ಹಾವು, ಹುಳು, ಇರುವೆ; ನಟನು ಮಾತು ಮರೆಯುವುದು, ಕಿರೀಟ ಕೆಳಗೆ ಬೀಳುವುದು; ಆಗದವರು ಕೂಗುವುದು, ಸೆಗಣಿ ಎರಚುವುದು. ಆನೆಯನ್ನು ಮುನಿಗಳು ವಿಘ್ನವೆಂದರು. ನಮ್ಮ ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕದಲ್ಲಿ ಆನೆಯನ್ನೇ ರಂಗಕ್ಕೆ ತಂದರು. ಧೈರ್ಯವೆಂದರೆ ಅದು!

ಈ ಘಾತಗಳಲ್ಲಿ ಬಹುಪಾಲನ್ನು ನಾವು ಒಂದೇ ರಾತ್ರಿಯಲ್ಲಿ ಭದ್ರಾವತಿಯಲ್ಲಿ ಕಂಡಿದ್ದೇವೆ.

1987ರ ಬೇಸಗೆ. ಶಿವಮೊಗ್ಗೆಯಲ್ಲಿ ಸಂಸ್ಕೃತ ಓದುತ್ತಿದ್ದ ಕಾಲ. ನಮ್ಮ ಸಹಪಾಠಿ ಒಬ್ಬನ ತಂದೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುವವರು. 1923ರಲ್ಲಿ ಆ ಕಾರ್ಖಾನೆ ಕಬ್ಬಿಣ ತೆಗೆಯಲು ಆರಂಭಿಸಿದ ಮೇಲೆ ಕೆಲಸ ಅರಸಿ ಬಂದ ಜನ ಗಂಟುಮೂಟೆಯ ಜೊತೆಗೆ ತಮ್ಮೂರಿನ ನಾಟಕದ ಹುಚ್ಚನ್ನೂ ತಂದಿದ್ದರು. ಆ ಸಲ ಕೆಲಸಗಾರರೇ ಸೇರಿ ಕುರುಕ್ಷೇತ್ರ ಆಡುವುದೆಂದಾಯಿತು. ಇಂತಹ ನಾಟಕಗಳಲ್ಲಿ ಪಾತ್ರ ಮಾಡುವವನೇ ಕೈಯಿಂದ ಹಣ ಹಾಕಬೇಕೆಂಬುದು ನಿಮಗೆ ಗೊತ್ತು. ದೊಡ್ಡ ಪಾತ್ರಕ್ಕೆ ದೊಡ್ಡ ಹಣ. ಅವರದು ದುರ್ಯೋಧನ. ವರ್ಷವಿಡೀ ಉಳಿಸಿದ ದುಡ್ಡು ಹಾರ್ಮೋನಿಯಂ ಮೇಷ್ಟ್ರಿಗೂ ಬಾಡಿಗೆಯ ಸೀನರಿಗೂ ಹೋಯಿತು. ಮನೆಯಲ್ಲಿ ತಾಯಿಗೆ ಸಿಟ್ಟು, ಮಗನಿಗೆ ನಾಚಿಕೆ. ಅವನಿಗೆ ಹೋಗುವ ಮನಸ್ಸೇ ಇರಲಿಲ್ಲ. ಗುರುಗಳೇ, “ಹೋಗಿ ಬನ್ನಿರಪ್ಪಾ, ಪುಸ್ತಕದಲ್ಲಿ ಓದಿದ್ದನ್ನು ಕಣ್ಣಿಂದಲೂ ನೋಡಿ” ಎಂದು ಅಪ್ಪಣೆ ಕೊಡಿಸಿದರು.

ವಿಘ್ನಗಳು ದಾರಿಯಲ್ಲಿಯೇ ಕಾದಿದ್ದವು. ಬಸ್ಸು ನಿದಿಗೆಯ ಹತ್ತಿರ ಪಂಕ್ಚರ್ ಆಯಿತು. ಕಾಗದದ ಕಾರ್ಖಾನೆಗೆ ಬಿದಿರು ಹೊತ್ತ ಲಾರಿಯವನು ಹತ್ತಿಸಿಕೊಂಡ. ಇಳಿಯುವಾಗ ಬಿದಿರಿನ ಸಿಬಿರಿಗೆ ಸಿಕ್ಕಿ ಗೆಳೆಯನ ಪಂಚೆ ಹಿಂಬದಿಯಲ್ಲಿ ಮೊಣಕಾಲಿನವರೆಗೆ ಹರಿಯಿತು. ನಮ್ಮ ಹೆಗಲ ವಸ್ತ್ರವನ್ನು ಅದರ ಮೇಲೆ ಸುತ್ತಿಕೊಂಡು ಚಾಪೆಯ ಮೇಲೆ ಕುಳಿತ.

ನಡುರಾತ್ರಿಗೆ ಗುಡುಗು, ಮಳೆ. ಕರೆಂಟು ಹೋಯಿತು. ಪೆಟ್ರೋಮ್ಯಾಕ್ಸ್ ಹಚ್ಚಿದರು. ಹಚ್ಚಿದ್ದೇ ತಡ, ಊರಿನ ಮಳೆಹುಳುವೆಲ್ಲ ಕುರುಕ್ಷೇತ್ರಕ್ಕೆ ಬಂದಿತು. ಭೀಷ್ಮರು ಬಾಯಿ ತೆರೆದರೆ ಹುಳು, ಮುಚ್ಚಿದರೆ ಮಾತಿಲ್ಲ. ಹಾಗೂ ಹೀಗೂ ಗದಾಯುದ್ಧದವರೆಗೆ ಬಂದರು. ದುರ್ಯೋಧನ ಗದೆ ಬೀಸಿದ ರಭಸಕ್ಕೆ ಕಿರೀಟ ಹಾರಿ, ಉರುಳಿ, ಹಾರ್ಮೋನಿಯಂ ಪಕ್ಕಕ್ಕೆ ಹೋಗಿ ನಿಂತಿತು. ಸಭೆಯೆಲ್ಲ ಹೋ ಎಂದಿತು. ಯಾರೋ ಹಿಂದಿನಿಂದ, “ಕೌರವೇಶ್ವರಾ, ಬಾಡಿಗೆ ಕಟ್ಟಿ ಬಿಡಿಸ್ಕೋ!” ಎಂದು ಕೂಗಿದ. ಗೆಳೆಯ ಮುಖ ಮುಚ್ಚಿಕೊಂಡು, “ಏಳು, ಹೋಗೋಣ” ಎಂದ. ಕೈ ಹಿಡಿದು ಕೂರಿಸಿದೆವು.

ನಗೆಯಲ್ಲಿ ಆರು ಬಗೆ ಎನ್ನುತ್ತದೆ ಶಾಸ್ತ್ರ. ಸ್ಮಿತ, ಹಸಿತ ಉತ್ತಮರದು. ವಿಹಸಿತ, ಉಪಹಸಿತ ಮಧ್ಯಮರದು. ಅಪಹಸಿತ, ಅತಿಹಸಿತ ಅಧಮರದು. ಅಧಮರೆಂದರೆ ಬಡವರೆಂದು ತಿಳಿಯಬೇಡಿ. ಇನ್ನೊಬ್ಬನು ಬಿದ್ದಾಗ ಎಂತಹ ನಗೆ ಬರುತ್ತದೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಕಳೆದ ಶ್ರಾವಣದಲ್ಲಿ ಮಠದ ಅಂಗಳದಲ್ಲಿ ಅಕ್ಕಮಹಾದೇವಿಯ ಪಾತ್ರದ ಹುಡುಗಿ ಮಾತು ಮರೆತು ನಿಂತಾಗ ಶಿಳ್ಳೆ ಹೊಡೆದವರಲ್ಲಿ ಕೆಲವರು ಇಂದೂ ಇಲ್ಲಿ ಕುಳಿತಿದ್ದೀರಿ. ಹೆಸರು ಹೇಳುವುದಿಲ್ಲ.

ದುರ್ಯೋಧನ ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಗದೆಯನ್ನು ನೆಲಕ್ಕೆ ಕುಟ್ಟಿ, ಮೇಷ್ಟ್ರು ಕಲಿಸದೆ ಇದ್ದ ಮಾತನ್ನು ಆಡಿದರು: “ಎಲವೋ ಭೀಮಾ! ಬಿದ್ದದ್ದು ಕಿರೀಟ, ತಲೆಯಲ್ಲ!”

ಚಪ್ಪಾಳೆಗೆ ತಗಡಿನ ಸೂರು ನಡುಗಿತು. “ವನ್ಸ್ ಮೋರ್!” ಎಂಬ ಕೂಗು. ವನ್ಸ್ ಮೋರ್ ಬಂದರೆ ಮತ್ತೆ ಆಡಲೇಬೇಕು. ಕಿರೀಟ ತಂದರು, ಬಿಗಿಯಾಗಿ ಒತ್ತಿಕೊಂಡರು, ಗದೆ ಬೀಸಿದರು. ಕಿರೀಟ ಕದಲಲಿಲ್ಲ. ತಲೆ ಕೊಡವಿದರು, ಬಗ್ಗಿದರು, ಭೀಮನೂ ಕೈ ಹಾಕಿ ಎಳೆದ. ಅದು ಕಿವಿಗೆ ಕಚ್ಚಿಕೊಂಡು ಕುಳಿತಿತ್ತು. ಆಗ ದುರ್ಯೋಧನನಿಗೇ ನಗೆ ಬಂತು, ಭೀಮನಿಗೂ ಬಂತು, ಸಭೆಗೂ ಬಂತು. ಅದೇ ಜನ, ಅದೇ ಬಾಯಿ, ಆದರೆ ಗಳಿಗೆಯ ಹಿಂದಿನ ನಗೆ ಅದಲ್ಲ. ನಮ್ಮ ಪಕ್ಕದಲ್ಲಿದ್ದವನು ಸುತ್ತಿದ ವಸ್ತ್ರ ಜಾರಿದ್ದನ್ನೂ ನೋಡದೆ ಹರಿದ ಪಂಚೆಯಲ್ಲಿ ಎದ್ದು ನಿಂತು, ಹಿಂದಿನವರ ಕಡೆ ತಿರುಗಿ, “ನಮ್ಮಪ್ಪ! ನಮ್ಮಪ್ಪ!” ಎಂದು ಕೂಗುತ್ತಿದ್ದ. ಸ್ವಲ್ಪ ಹೊತ್ತಿಗೆ ತೊಡೆ ಮುರಿದು ಕೌರವ ಬಿದ್ದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಳುಗಳು ಆಗಲೂ ಹಾರುತ್ತಲೇ ಇದ್ದವು.

ಬೆಳಗಿನ ಪಾಳಿಯ ಸೈರನ್ ಆಗುವ ಹೊತ್ತು. ಅವರು ಕಿವಿಯ ಹಿಂದೆ ಬಣ್ಣ ಉಳಿದಿದ್ದಂತೆಯೇ ಸೈಕಲ್ಲು ಹಿಡಿದು ಬಂದು, “ಮರಿದೇವರೇ, ಹೆಂಗಿತ್ತು?” ಎಂದು ಕೇಳಿದರು. ನಾವು ಉತ್ತರ ಕೊಡುವ ಮೊದಲೇ ಮಗ, “ಎರಡನೇ ಸಲವೂ ಬೀಳಬೇಕಿತ್ತಪ್ಪಾ” ಎಂದ.

“ಮುಂದಿನ ವರ್ಷ ಸಡಿಲಾಗಿ ಇಟ್ಕೋತೀನಿ ಬಿಡು” ಎಂದು ಅವರು ಕಾರ್ಖಾನೆಯ ಕಡೆಗೆ ಸೈಕಲ್ಲು ತುಳಿದರು.