ಒಬ್ಬರ ಕನಸು, ಇಬ್ಬರ ಬೆವರು

(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪಟ್ಟಣದ ಉದ್ಯೋಗವನ್ನು ತೊರೆದು, ಘಟ್ಟದ ಸೀಮೆಯಲ್ಲಿ ನಾಲ್ಕೆಕರೆ ಭೂಮಿ ಕೊಂಡು, ತಮ್ಮ ಅನ್ನವನ್ನು ತಾವೇ ಬೆಳೆದುಕೊಳ್ಳಬೇಕೆಂಬ ಆಸೆ ಇಂದು ಅನೇಕರಲ್ಲಿದೆ. ಆಸೆ ಒಳ್ಳೆಯದೇ. ಊರಿನ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಿರುವಾಗ ಅಲ್ಲಿಂದ ಇತ್ತ ಬರುವವರನ್ನು ಹೀಗಳೆಯಬೇಕಾಗಿಲ್ಲ. ಆದರೆ ಈ ಕನಸು ಬಹುಮಟ್ಟಿಗೆ ದಂಪತಿಗಳಲ್ಲಿ ಒಬ್ಬರದಾಗಿರುತ್ತದೆ; ಅದನ್ನು ಹೊರುವವರು ಮಾತ್ರ ಇಬ್ಬರು.

ಈ ಬಗೆಯ ಬದುಕಿಗೆ ಜಗತ್ತಿನಲ್ಲೇ ಹೆಸರಾದವರು ಅಮೆರಿಕದ ಸ್ಕಾಟ್ ನಿಯರಿಂಗ್ ಮತ್ತು ಹೆಲೆನ್ ನಿಯರಿಂಗ್. ಸ್ಕಾಟ್ ಅರ್ಥಶಾಸ್ತ್ರದ ಅಧ್ಯಾಪಕರು. 1915ರಲ್ಲಿ ಕೆಲಸ ಕಳೆದುಕೊಂಡವರು. ಹೆಲೆನ್ ಅವರಿಗಿಂತ ಇಪ್ಪತ್ತೊಂದು ವರ್ಷ ಕಿರಿಯರು, ಪಿಟೀಲು ಕಲಿತವರು, ತಾರುಣ್ಯದಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ಒಡನಾಡಿ. ಮಹಾ ಆರ್ಥಿಕ ಕುಸಿತದ ನಡುವೆ, 1932ರಲ್ಲಿ, ಇವರು ವರ್ಮಾಂಟಿನ ಗುಡ್ಡಗಾಡಿನಲ್ಲಿ ಬಡಕಲು ಜಮೀನೊಂದನ್ನು ಕೊಂಡರು. ಕಲ್ಲು ಹೆಕ್ಕಿ ಮನೆ ಕಟ್ಟಿದರು. ಗೊಬ್ಬರದ ರಾಶಿ ಮಾಡಿ ಮಣ್ಣನ್ನು ತಿದ್ದಿದರು, ತರಕಾರಿ ಬೆಳೆದು ಚಳಿಗಾಲಕ್ಕೆ ನೆಲಮಾಳಿಗೆಯಲ್ಲಿ ಕೂಡಿಟ್ಟರು. ಕೈಖರ್ಚಿಗೆ ಮೇಪಲ್ ಮರದ ರಸವನ್ನು ಕಾಯಿಸಿ ಪಾಕ ಮಾಡಿ ಮಾರಿದರು. ದಿನಕ್ಕೆ ನಾಲ್ಕು ಗಂಟೆ ಅನ್ನದ ದುಡಿಮೆ, ನಾಲ್ಕು ಗಂಟೆ ಓದು, ಬರಹ, ಸಂಗೀತ ಎಂಬುದು ಅವರ ನಿಯಮ. 1952ರಲ್ಲಿ ಮೇನ್ ರಾಜ್ಯದ ಕಡಲಂಚಿಗೆ ಹೋಗಿ ಮತ್ತೆ ಮೊದಲಿನಿಂದ ಆರಂಭಿಸಿದರು. 1954ರಲ್ಲಿ ಹೊರಬಂದ ಅವರ ಅನುಭವದ ಪುಸ್ತಕ 1970ರ ದಶಕದಲ್ಲಿ ಸಾವಿರಾರು ಯುವಕರನ್ನು ಹಳ್ಳಿಗೆ ಸೆಳೆಯಿತು.

ಆ ಪುಸ್ತಕವನ್ನು ಓದಿ ಹೊರಟವರಲ್ಲಿ ಬಹಳ ಮಂದಿ ಹಿಂದಿರುಗಿದರು. ನಿಯರಿಂಗರಿಗೆ ಪಿತ್ರಾರ್ಜಿತ ಹಣದ ಆಸರೆಯೂ ಇತ್ತೆಂಬುದನ್ನು ಅವರ ನೆರೆಯಲ್ಲಿದ್ದ ಜೀನ್ ಹೇ ಬ್ರೈಟ್ ಎಂಬ ಲೇಖಕಿ 2003ರಲ್ಲಿ ವಿವರವಾಗಿ ಬರೆದರು. ಇದರಿಂದ ಅವರ ಬೆವರು ಸುಳ್ಳಾಗುವುದಿಲ್ಲ. ಬೆವರೊಂದೇ ಸಾಲದೆಂಬುದಷ್ಟೇ ತಿಳಿಯುತ್ತದೆ.

ಹೆಚ್ಚಿನವರು ಗಮನಿಸದ ಸಂಗತಿ ಅಡುಗೆಮನೆಯದು. 1980ರಲ್ಲಿ ಹೆಲೆನ್ ಒಂದು ಅಡುಗೆ ಪುಸ್ತಕವನ್ನು ಬರೆದರು. ಅಡುಗೆಯಲ್ಲಿ ಆಸಕ್ತಿಯೇ ಇಲ್ಲದವಳ ಅಡುಗೆ ಪುಸ್ತಕವದು! ಹಸಿ ತರಕಾರಿ, ಹಣ್ಣು, ಕಾಳು ಇಷ್ಟರಲ್ಲೇ ಊಟ ಮುಗಿಸಿ ಒಲೆಯ ಮುಂದಿನ ಹೊತ್ತನ್ನು ಅವರು ಉಳಿಸಿಕೊಂಡರು. ಮಲೆನಾಡಿನ ಮನೆಯಲ್ಲಿ ಇದು ಎಲ್ಲಿಯ ಮಾತು? ಗಂಡ ‘ಸಹಜ ಕೃಷಿ’ ಎನ್ನುತ್ತಾನೆ. ಹೆಂಡತಿಗೆ ಗಂಜಿ, ತಿಂಡಿ, ಎರಡು ಊಟ, ಕೊಟ್ಟಿಗೆ, ಆಳುಗಳ ಚಹಾ. ಜೊತೆಗೆ ಬಸಳೆ ಚಪ್ಪರ, ಸೌತೆ ಬಳ್ಳಿ, ಮಂಗನ ಕಾವಲು. ಮನೆಯ ಅನ್ನದ ಬಹುಪಾಲು ಹಿತ್ತಿಲಿನಲ್ಲಿ ಹುಟ್ಟುತ್ತದೆ, ಹಿತ್ತಿಲು ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ.

ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟ ಮಾಡಿದ್ದನ್ನು ಕನ್ನಡನಾಡು ಆದರ್ಶವೆಂದು ಹೇಳುತ್ತಲೇ ಬಂದಿದೆ. 1966ರಲ್ಲಿ ಅವರನ್ನು ವರಿಸಿ ಆ ತೋಟಕ್ಕೆ ಬಂದ ರಾಜೇಶ್ವರಿಯವರ ‘ನನ್ನ ತೇಜಸ್ವಿ’ಯನ್ನೂ ವಿದ್ಯಾರ್ಥಿಗಳು ಅದರ ಪಕ್ಕದಲ್ಲಿಟ್ಟು ಓದಬೇಕು. ಕನಸಿನ ಮನೆಯನ್ನು ಒಳಗಿನಿಂದ ಕಂಡವರ ಮಾತು ಅಲ್ಲಿದೆ.

ಇನ್ನು ಭೂಮಿಯ ವಿಚಾರ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ತಡೆಯಾಗಿದ್ದವು; 2020ರ ತಿದ್ದುಪಡಿಯಲ್ಲಿ ಅವು ಹೋದವು. ಕೊಳ್ಳುವುದು ಸುಲಭವಾಯಿತು, ಬದುಕುವುದಲ್ಲ. ಮಾಘ ಮಾಸದ ಎಳೆಬಿಸಿಲಿನಲ್ಲಿ ತೋಟ ನೋಡಿ ಮುಂಗಡ ಕೊಟ್ಟವರಿಗೆ ಆಷಾಢದ ಜಡಿಮಳೆ, ಉಂಬಳ, ವಾರಗಟ್ಟಲೆ ಇಲ್ಲದ ಕರೆಂಟು ಕಾಣುವುದಿಲ್ಲ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತಿದೆ. ಅದು ಸೊಪ್ಪು, ದರಕು ತರುವ ಹಕ್ಕೇ ಹೊರತು ಒಡೆತನವಲ್ಲ. ಬೆಟ್ಟವನ್ನೂ ಕೊಂಡೆನೆಂದು ಬೇಲಿ ಹಾಕಿದವನಿಗೆ ಊರಿನೊಂದಿಗೆ ಮೊದಲ ಜಗಳ ಅಲ್ಲಿಯೇ.

ಎಲ್ಲಕ್ಕಿಂತ ಮುಖ್ಯವಾದುದು ಪಹಣಿ. ಪಟ್ಟಣದಲ್ಲಿ ಸ್ವಂತ ಸಂಬಳವಿದ್ದ ಹೆಣ್ಣುಮಗಳು ಗಂಡನ ಆಸೆಗಾಗಿ ಕೆಲಸ ಬಿಟ್ಟು ಬಂದಾಗ ಕ್ರಯಪತ್ರದಲ್ಲಿ ಅವಳ ಹೆಸರೇ ಇಲ್ಲದಿದ್ದರೆ, ಬೆಳೆಸಾಲಕ್ಕೂ ಬೆಳೆಹಾನಿ ಪರಿಹಾರಕ್ಕೂ ಅವಳು ಕೃಷಿಕಳಲ್ಲ. ಗಂಡ ತೀರಿಕೊಂಡರೆ ಪೌತಿ ಖಾತೆಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕು. ಜಂಟಿ ಹೆಸರಿನಲ್ಲಿ ನೋಂದಣಿ ಮಾಡಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ಕೇಳುವವರಿಲ್ಲ ಅಷ್ಟೆ. ಈ ಮಾತು ಹೊರಗಿನಿಂದ ಬಂದವರಿಗೆ ಮಾತ್ರವಲ್ಲ, ಈ ಸಭೆಯಲ್ಲಿ ಕುಳಿತಿರುವ ಮನೆಗಳಿಗೂ ಅನ್ವಯಿಸುತ್ತದೆ.

ಆದುದರಿಂದ ಊರಿಗೆ ಭೂಮಿ ಕೇಳಿಕೊಂಡು ದಂಪತಿಗಳು ಬಂದಾಗ ಗಂಡನೊಬ್ಬನನ್ನೇ ಗಡಿಕಲ್ಲಿನವರೆಗೆ ಕರೆದೊಯ್ಯಬೇಡಿ. ಇಬ್ಬರನ್ನೂ ಕರೆಯಿರಿ. ನೀರಿನ ಮೂಲ, ಶಾಲೆಯ ದೂರ, ಆಸ್ಪತ್ರೆಯ ದಾರಿ, ಹಂದಿ ಬರುವ ಹಾದಿ ಎಲ್ಲವನ್ನೂ ಆ ಹೆಣ್ಣುಮಗಳಿಗೂ ತೋರಿಸಿ. ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಲು ಹೇಳಿ. ಖಾಲಿ ಬಿದ್ದಿರುವ ಮನೆಗಳು ಊರಿನಲ್ಲಿ ಬೇಕಾದಷ್ಟಿವೆ.