ಮನಸ್ಸಿನ ನೋವಿಗೆ ಮೀಟರು ಇದೆಯೇ?



ಸಕ್ಕರೆ ಕಾಯಿಲೆ ತಿಳಿಯಲು ಒಂದು ಹನಿ ರಕ್ತ ಸಾಕು. ಬಿ.ಪಿ. ನೋಡಲು ತೋಳಿಗೊಂದು ಪಟ್ಟಿ ಸುತ್ತಿದರಾಯಿತು. ಎದೆನೋವೆಂದರೆ ಇ.ಸಿ.ಜಿ. ಇದೆ. ಆದರೆ ಖಿನ್ನತೆಯಲ್ಲಿ ಮುಳುಗಿದ ಮಗನನ್ನೋ ಅಕ್ಕನನ್ನೋ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದ ಮನೆಯವರು, ಹೊರಡುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳುವುದುಂಟು: "ಡಾಕ್ಟ್ರೇ, ಇವನು ಜೀವಕ್ಕೇನಾದರೂ ಮಾಡಿಕೊಂಡುಬಿಟ್ಟರೆ? ಮೊದಲೇ ಗೊತ್ತಾಗೋ ಟೆಸ್ಟ್ ಏನಾದರೂ ಇದೆಯಾ?"

ನ್ಯಾಯವಾದ ಪ್ರಶ್ನೆ. ಸಂಶೋಧಕರೂ ಐವತ್ತು ವರ್ಷಗಳಿಂದ ಇದನ್ನೇ ಕೇಳುತ್ತಾ ಬಂದಿದ್ದಾರೆ.

1976ರಲ್ಲಿ ಸ್ವೀಡನ್ನಿನ ಮೇರಿ ಆಸ್ಬರ್ಗ್ ಮತ್ತು ಅವರ ಸಂಗಡಿಗರು ಖಿನ್ನತೆಯ 68 ರೋಗಿಗಳ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದರು. ಮಿದುಳಿನ ಸೆರಟೋನಿನ್ ಎಂಬ ರಾಸಾಯನಿಕ ಒಡೆದಾಗ ಉಳಿಯುವ ಒಂದು ಅಂಶ ಆ ದ್ರವದಲ್ಲಿ ಸಿಗುತ್ತದೆ. ಅದು ಕಡಿಮೆ ಇದ್ದವರಲ್ಲೇ ಆತ್ಮಹತ್ಯೆಯ ಪ್ರಯತ್ನ ಹೆಚ್ಚು ಕಂಡಿತು. ದೊಡ್ಡ ಸುದ್ದಿಯೇ ಆಯಿತು. ಆದರೆ ಬಂದ ರೋಗಿಗೆಲ್ಲ ಬೆನ್ನಿಗೆ ಸೂಜಿ ಚುಚ್ಚಲಾದೀತೇ?

ಇನ್ನೊಂದು ದಾರಿ ಕಾರ್ಟಿಸಾಲ್‌ನದು. ದೇಹ ಒತ್ತಡದಲ್ಲಿದ್ದಾಗ ಸುರಿಯುವ ಹಾರ್ಮೋನು ಇದು. ರಾತ್ರಿ ಡೆಕ್ಸಾಮೆಥಸೋನ್ ಎಂಬ ಮಾತ್ರೆ ಕೊಟ್ಟು ಮರುದಿನ ರಕ್ತ ನೋಡಿದರೆ, ಸಾಮಾನ್ಯವಾಗಿ ಕಾರ್ಟಿಸಾಲ್ ತಗ್ಗಿರಬೇಕು. ಕೆಲವರಲ್ಲಿ ತಗ್ಗುವುದೇ ಇಲ್ಲ. 'ಸಾಕು ನಿಲ್ಲಿಸು' ಎಂಬ ಸೂಚನೆ ದೇಹಕ್ಕೆ ಕೇಳಿಸುವುದಿಲ್ಲ. ಅಮೆರಿಕದಲ್ಲಿ ಹೀಗೆ ಪರೀಕ್ಷಿಸಿದ 78 ಒಳರೋಗಿಗಳನ್ನು 15 ವರ್ಷ ಹಿಂಬಾಲಿಸಿ, 2001ರಲ್ಲಿ ಕೋರಿಯೆಲ್ ಮತ್ತು ಶ್ಲೆಸರ್ ಫಲಿತಾಂಶ ಪ್ರಕಟಿಸಿದರು. ಕಾರ್ಟಿಸಾಲ್ ತಗ್ಗದವರಲ್ಲಿ ಆತ್ಮಹತ್ಯೆಯ ಅಪಾಯ ಶೇ. 26.8 ಎಂದು ಅಂದಾಜಾಯಿತು, ತಗ್ಗಿದವರಲ್ಲಿ ಶೇ. 2.9. ಒಂಬತ್ತು ಪಟ್ಟು ವ್ಯತ್ಯಾಸ!

ಮೂರನೆಯದು ಬೆರಳ ತುದಿಯ ಬೆವರು. ಸ್ವೀಡನ್ನಿನ ಥೋರೆಲ್ ಎಂಬವರು ಬಹುಕಾಲ ಇದರ ಬೆನ್ನು ಹತ್ತಿದ್ದರು. ಕಿವಿಗೆ ಹೆಡ್‌ಫೋನ್, ಬೆರಳಿಗೆ ಎಲೆಕ್ಟ್ರೋಡು. ಒಂದು ಸದ್ದನ್ನು ಮತ್ತೆ ಮತ್ತೆ ಕೇಳಿಸುತ್ತಾರೆ. ಸದ್ದಿಗೆ ನಮ್ಮ ಗಮನ ತಿರುಗಿದಾಗಲೆಲ್ಲ ಚರ್ಮದಲ್ಲಿ ವಿದ್ಯುತ್ ಹರಿವು ಕ್ಷಣಕಾಲ ಏರುತ್ತದೆ. ಕೆಲವರಲ್ಲಿ ಈ ಸ್ಪಂದನ ಬಲು ಬೇಗ ನಿಂತುಹೋಗುತ್ತದೆ, ಸುತ್ತಲ ಲೋಕದ ಮೇಲೆ ಕುತೂಹಲವೇ ಬತ್ತಿದ ಹಾಗೆ. ಜರ್ಮನಿಯ 783 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ, ಇಂಥವರಲ್ಲೇ ಅಪಾಯ ಹೆಚ್ಚೆಂದು ಬಲವಾಗಿ ಹೇಳಿತು. ಹಾಗಿದ್ದರೂ ಅದು ಆಸ್ಪತ್ರೆಗಳ ನಿತ್ಯದ ಪರೀಕ್ಷೆಯಾಗಿಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಯಂತ್ರಕ್ಕಿಂತ ಹೆಚ್ಚಾಗಿ ಲೆಕ್ಕದಲ್ಲಿದೆ. ಪೆನ್ನು ಕಾಗದ ಹಿಡಿದುಕೊಳ್ಳಿ. ಸಾವಿರ ಖಿನ್ನ ರೋಗಿಗಳಿದ್ದಾರೆ, ಅವರಲ್ಲಿ ಹತ್ತು ಜನ ನಿಜವಾಗಿ ಅಪಾಯದಲ್ಲಿದ್ದಾರೆ ಎಂದುಕೊಳ್ಳೋಣ. ನಮ್ಮ ಪರೀಕ್ಷೆ ನೂರಕ್ಕೆ ತೊಂಬತ್ತು ಸಲ ಸರಿ ಹೇಳುತ್ತದೆ ಎಂದೇ ಇಟ್ಟುಕೊಳ್ಳಿ. ಇಷ್ಟು ಒಳ್ಳೆಯದು ಯಾರ ಕೈಯಲ್ಲೂ ಇಲ್ಲ. ಹತ್ತರಲ್ಲಿ ಒಂಬತ್ತು ಜನರನ್ನು ಅದು ಹಿಡಿಯಿತು. ಜೊತೆಗೆ ಅಪಾಯವಿಲ್ಲದ 990 ಜನರಲ್ಲಿ 99 ಮಂದಿಯ ಮೇಲೂ ಕೆಂಪು ಗುರುತು ಹಾಕಿತು. ಒಟ್ಟು 108 ಗುರುತು, ನಿಜವಾದದ್ದು ಒಂಬತ್ತು. ಹತ್ತನೆಯವರು 'ನಾರ್ಮಲ್' ಚೀಟಿ ಹಿಡಿದು ಮನೆಗೆ ಹೋದರು. ನನಗೆ ಹೆದರಿಕೆ ಹುಟ್ಟಿಸುವುದು ಆ ಚೀಟಿಯೇ.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪೊಕೋರ್ನಿ ಎಂಬ ವೈದ್ಯರು 4,800 ಮಾಜಿ ಸೈನಿಕರನ್ನು ಹಿಂಬಾಲಿಸಿ 1983ರಲ್ಲಿ ವರದಿ ಮಾಡಿದರು. ಅವರು ಬಳಸಿದ್ದು ಮುಖ್ಯವಾಗಿ ಪ್ರಶ್ನಾವಳಿ, ರೋಗಿಯ ಹಿನ್ನೆಲೆ ಇತ್ಯಾದಿ. ತೀರಿಕೊಂಡ 67 ಜನರಲ್ಲಿ 35 ಜನರನ್ನು ಅವರ ಸೂತ್ರ ಗುರುತಿಸಿತು. ಜೊತೆಗೆ 1,206 ಮಂದಿಯನ್ನು ಸುಮ್ಮನೆ ಪಟ್ಟಿಗೆ ಸೇರಿಸಿತು. 2017ರಲ್ಲಿ ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುನ್ಸೂಚನೆಯ ಶಕ್ತಿ ನಾಣ್ಯ ಚಿಮ್ಮುವುದಕ್ಕಿಂತ ಸ್ವಲ್ಪವೇ ಮೇಲು ಎಂದು ತಿಳಿಯಿತು. ಇಂಗ್ಲೆಂಡಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಮುಂದಿನ ಆತ್ಮಹತ್ಯೆಯನ್ನು ಊಹಿಸಲು ಅಪಾಯ ಅಳೆಯುವ ಸಾಧನಗಳನ್ನು ಬಳಸಬೇಡಿ ಎಂದೇ ಹೇಳುತ್ತದೆ. ಕೈಗಡಿಯಾರ ಹೃದಯ ಬಡಿತ ಎಣಿಸುವ ಈ ಕಾಲದಲ್ಲೂ ಮಾತು ಬದಲಾಗಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ನುಂಗುವ ಮಾತ್ರೆ, ಎಲ್ಲವೂ ಆ ಬಡಿತವನ್ನು ಬದಲಿಸುತ್ತವೆ.

ಹಾಗೆಂದು ಕೈಚೆಲ್ಲಬೇಕಿಲ್ಲ. ಯಾರು ಎಂದು ಮೊದಲೇ ಹೇಳಲಾಗದಿದ್ದರೂ ಸಾವು ತಪ್ಪಿಸಬಹುದು. ನಮ್ಮ ಚೆನ್ನೈ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಪ್ರಯೋಗ ಮಾಡಿತು. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಒಂದು ಗಂಟೆ ಕೂತು ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. 2008ರಲ್ಲಿ ಬಂದ ಫಲಿತಾಂಶ: ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ. 2.2, ಎರಡನೆಯದರಲ್ಲಿ ಶೇ. 0.2. ಒಂಬತ್ತು ಸಲ "ಹೇಗಿದ್ದೀರಿ" ಎಂದು ಕೇಳಿದ್ದು, ಅಷ್ಟೇ!

ನಮ್ಮಂಥ ಹೊರನಾಡಿನವರಿಗೆ ಇದು ಹತ್ತಿರದ ವಿಷಯ. ಮಗ ಪೊವಾಯಿಯ ಪಿ.ಜಿ. ಕೋಣೆಯಲ್ಲಿ, ಅಪ್ಪ ಅಮ್ಮ ಗದಗದಲ್ಲಿ. ಭಾನುವಾರದ ಫೋನಿನಲ್ಲಿ "ಊಟ ಆಯ್ತಾ?" "ಆಯ್ತು." "ಆರಾಮಾ?" "ಆರಾಮ." ಇಲ್ಲಿ ಮುಗಿಸಬೇಡಿ. "ನಿದ್ದೆ ಹೆಂಗಪ್ಪಾ?" ಎಂದು ಕೇಳಿ. ದೇಹದ ಅಳತೆಗಳಲ್ಲಿ ಯಂತ್ರವಿಲ್ಲದೆ ಯಾರು ಬೇಕಾದರೂ ಕೇಳಬಹುದಾದದ್ದು ನಿದ್ದೆ. ವಾರಗಟ್ಟಲೆ ನಿದ್ದೆ ಕೆಟ್ಟವರಲ್ಲಿ ಸಾವಿನ ಯೋಚನೆ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ನಿದ್ದೆಯ ಬಗ್ಗೆ ಮಾತಾಡಲು ಯಾರಿಗೂ ನಾಚಿಕೆಯಿಲ್ಲ. ಅಲ್ಲಿಂದ ಮುಂದಿನ ಪ್ರಶ್ನೆಗೆ ಹೋಗುವುದು ಸುಲಭ: "ಬದುಕೋದೇ ಬೇಡ ಅಂತ ಅನ್ನಿಸ್ತದಾ?"

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ನಮ್ಮಲ್ಲಿ ಬಹಳ. ನ್ಯೂಯಾರ್ಕ್ ರಾಜ್ಯದಲ್ಲಿ 2,342 ಹೈಸ್ಕೂಲ್ ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿ 2005ರಲ್ಲಿ ವರದಿ ಬಂತು: ಪ್ರಶ್ನೆ ಕೇಳಿದ್ದರಿಂದ ಯಾರಿಗೂ ಹಾನಿಯಾಗಿರಲಿಲ್ಲ. ಉತ್ತರ "ಹೌದು" ಎಂದು ಬಂದರೆ ಬುದ್ಧಿವಾದ ಬೇಡ, ಬೈಗುಳ ಬೇಡ. ಸುಮ್ಮನೆ ಕೇಳಿಸಿಕೊಳ್ಳಿ. ಆ ರಾತ್ರಿ ಒಬ್ಬರೇ ಇರದಂತೆ ಗೆಳೆಯರನ್ನೋ ಬಂಧುಗಳನ್ನೋ ಜೊತೆ ಮಾಡಿ, ಮನೋವೈದ್ಯರಲ್ಲಿಗೆ ಕರೆದೊಯ್ಯಿ. ತುರ್ತಾಗಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಕನ್ನಡದಲ್ಲೂ ಮಾತಾಡಬಹುದು. ಸಂಖ್ಯೆಯನ್ನು ಈಗಲೇ ಬರೆದುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.