ಗೆರೆ ಇದೆ, ಅಲೆ ಎಲ್ಲಿ?

ಮಕ್ಕಳೇ, ವಿದ್ಯುತ್ತು ಕಣ್ಣಿಗೆ ಕಾಣುವುದಿಲ್ಲ. ಅದರ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುವ ಯಂತ್ರಕ್ಕೆ ಆಸಿಲೋಸ್ಕೋಪ್ ಎನ್ನುತ್ತಾರೆ. 1897ರಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಜರ್ಮನ್ ವಿಜ್ಞಾನಿ ಮಾಡಿದ ಗಾಜಿನ ಕೊಳವೆಯೇ ಇದರ ಮೂಲ. ಇಂದು ನಾವು ನೋಡುವುದು ಅಮೆರಿಕದ ಆರೆಗಾನ್ ರಾಜ್ಯದ ಟೆಕ್ಟ್ರಾನಿಕ್ಸ್ ಕಂಪನಿ 1950ರ ದಶಕದಲ್ಲಿ ತಯಾರಿಸಿದ 545 ಎಂಬ ಮಾದರಿಯನ್ನು. ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಒಳಗೆಲ್ಲ ಬಲ್ಬಿನಂಥ ಗಾಜಿನ ವಾಲ್ವ್‌ಗಳು. ಇಷ್ಟು ಹಳೆಯದಾದರೂ ಇದನ್ನು ರಿಪೇರಿ ಮಾಡಿ ಓಡಿಸುವ ಹುಚ್ಚು ಹಲವರಿಗಿದೆ.

ಕೊಳವೆಯ ಹಿಂಬದಿಯಿಂದ ಎಲೆಕ್ಟ್ರಾನುಗಳ ಕಿರಣ ಬಂದು ಪರದೆಗೆ ಬಡಿದಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ಎಡಬಲದ ಎರಡು ತಗಡುಗಳು ಚುಕ್ಕೆಯನ್ನು ಅಡ್ಡಡ್ಡ ಓಡಿಸುತ್ತವೆ, ಮೇಲೆ ಕೆಳಗಿನ ತಗಡುಗಳು ಎತ್ತಿ ಇಳಿಸುತ್ತವೆ. ಆದರೆ ನಾವು ಕೊಡುವ ಸಂಕೇತ, ಅಂದರೆ ನೋಡಬೇಕಾದ ವಿದ್ಯುತ್ತಿನ ಏರಿಳಿತ, ತೀರಾ ಸಣ್ಣದು, ಅಷ್ಟಕ್ಕೆಲ್ಲ ಕಿರಣ ಬಗ್ಗುವುದಿಲ್ಲ. ಅದನ್ನು ಹಿಗ್ಗಿಸಿ ತಗಡುಗಳಿಗೆ ಮುಟ್ಟಿಸುವುದು ಆಂಪ್ಲಿಫೈಯರ್‌ನ ಕೆಲಸ.

ಈಗ ಸಮಸ್ಯೆ. ಸಂಕೇತ ಕೊಟ್ಟಿದ್ದೇವೆ, ಪರದೆಯ ಮೇಲೆ ಅಲೆಯೇ ಇಲ್ಲ. ನಡುವೆ ಒಂದು ನೆಟ್ಟನೆಯ ಗೆರೆ, ಅಷ್ಟೇ.

‘ಕೆಟ್ಟುಹೋಯಿತು’ ಎಂದು ಕೈಚೆಲ್ಲಬೇಡಿ. ಗೆರೆ ಕಾಣುತ್ತಿದೆ ಎಂದರೆ ಕೊಳವೆ ಸರಿಯಿದೆ, ಅದಕ್ಕೆ ಬೇಕಾದ ಸುಮಾರು 10,000 ವೋಲ್ಟ್ ಬರುತ್ತಿದೆ, ಚುಕ್ಕೆಯನ್ನು ಅಡ್ಡಡ್ಡ ಓಡಿಸುವ ಭಾಗವೂ ದುಡಿಯುತ್ತಿದೆ. ಒಂದು ಸ್ಕ್ರೂ ಕೂಡ ಬಿಚ್ಚದೆ ಅರ್ಧ ಯಂತ್ರವನ್ನು ಅನುಮಾನದಿಂದ ಬಿಟ್ಟುಬಿಡಬಹುದು.

ಮುಂದೆ, ಗೆರೆಯನ್ನು ಮೇಲೆ ಕೆಳಗೆ ಸರಿಸುವ ಗುಂಡಿಯನ್ನು ತಿರುಗಿಸಿ. ಗೆರೆ ಸಲೀಸಾಗಿ ಸರಿಯಿತೇ? ಹಾಗಾದರೆ ಆ ಗುಂಡಿಯಿಂದ ತಗಡಿನವರೆಗಿನ ದಾರಿ ಜೀವಂತವಾಗಿದೆ. ತಪ್ಪಿತಸ್ಥ ಅದಕ್ಕಿಂತ ಮುಂಚೆಯೇ, ಸಂಕೇತ ಒಳಬರುವ ಬಾಗಿಲ ಬಳಿಯೇ ಅಡಗಿದ್ದಾನೆ. ನನ್ನ ಮಟ್ಟಿಗೆ ಇಡೀ ರಿಪೇರಿಯಲ್ಲಿ ಇಷ್ಟು ಅಗ್ಗದ, ಇಷ್ಟು ಚೆಂದದ ಪರೀಕ್ಷೆ ಬೇರೊಂದಿಲ್ಲ.

ಬಾಗಿಲ ಬಳಿ ಏನೇನಿದೆ? ಮೊದಲು ವೈರು. ಯಂತ್ರವೇ ತನ್ನ ಮುಖದ ಮೇಲಿನ ಒಂದು ಸಾಕೆಟ್ಟಿನಲ್ಲಿ ಪರೀಕ್ಷೆಗೆಂದು ಚೌಕಾಕಾರದ ಅಲೆಯನ್ನು ಕೊಡುತ್ತದೆ, ಸೆಕೆಂಡಿಗೆ ಸುಮಾರು 1,000 ಸಲ ಏರಿಳಿಯುವಂಥದ್ದು. ಬೇರೆ ವೈರಿನಲ್ಲಿ ಅದನ್ನೇ ಒಳಕ್ಕೆ ಕೊಟ್ಟು ನೋಡಿ. ಆಮೇಲೆ ಸ್ವಿಚ್ಚುಗಳು. ‘ಎ’, ‘ಬಿ’ ಎಂಬ ಎರಡು ಸಂಕೇತ ತೋರಿಸುವ, ಯಂತ್ರಕ್ಕೆ ಸಿಕ್ಕಿಸಿ ತೆಗೆಯಬಹುದಾದ ಸಿಎ ಎಂಬ ಪ್ಲಗ್‌ಇನ್ ಪೆಟ್ಟಿಗೆ ಹಾಕಿದ್ದರೆ, ವೈರು ‘ಎ’ಗೆ ಚುಚ್ಚಿ ಸ್ವಿಚ್ಚನ್ನು ‘ಬಿ’ ಮಾತ್ರ ಎಂಬಲ್ಲಿ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ! ಎಸಿ-ಡಿಸಿ ಸ್ವಿಚ್ಚು ಎಸಿಯಲ್ಲಿದ್ದಾಗ ಸಂಕೇತ ಕೆಪಾಸಿಟರ್ ಎಂಬ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಒಂದು ಬಿಡಿಭಾಗವನ್ನು ದಾಟಿ ಬರಬೇಕು. ಡಿಸಿಗೆ ಹಾಕಿದೊಡನೆ ಅಲೆ ಮೂಡಿದರೆ ಆ ಕೆಪಾಸಿಟರ್ ಮೇಲೆ ಗುಮಾನಿ ಇಡಿ.

ಸ್ವಿಚ್ಚಿನ ಒಳಗಿನ ಬೆಳ್ಳಿ ಲೇಪದ ತುದಿಗಳನ್ನು ಹತ್ತಿರದಿಂದ ನೋಡಿದರೆ ಕಪ್ಪಾಗಿರುತ್ತವೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆದ ಕಿಲುಬು ಅದು. ಆ ಸ್ವಿಚ್ಚಿನ ಗುಂಡಿಯನ್ನು ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಉಜ್ಜಿ ಉಜ್ಜಿ ಕಿಲುಬು ಕಳಚಿ, ಅಲೆ ತಟ್ಟನೆ ಕಾಣಿಸಿಕೊಳ್ಳುವುದುಂಟು.

ಗೆರೆ ಸರಿಸುವ ಗುಂಡಿ ತಿರುಗಿಸಿದಾಗ ಗೆರೆ ಸರಿಯಲೇ ಇಲ್ಲ ಎನ್ನಿ. ಆಗ ಯಂತ್ರ ಆರಿಸಿ, ಪ್ಲಗ್‌ಇನ್ ಪೆಟ್ಟಿಗೆಯನ್ನು ಹೊರಗೆಳೆದು, ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡುತ್ತಾರೆ. ಅಲೆ ಬಂದರೆ ದೋಷ ಹೊರಗೆಳೆದ ಪೆಟ್ಟಿಗೆಯದು, ಬರದಿದ್ದರೆ ಯಂತ್ರದ ದೊಡ್ಡ ಪೆಟ್ಟಿಗೆಯದು. ಆಮೇಲೂ ಪ್ರತಿ ಸಲ ಉಳಿದ ಭಾಗದ ನಟ್ಟನಡುವೆ ಪರೀಕ್ಷಿಸುತ್ತ ಹೋಗುತ್ತಾರೆ. ಅನುಮಾನದ ಜಾಗಗಳು 16 ಇದ್ದರೆ ಅವು 8 ಆಗಿ, 4 ಆಗಿ, 2 ಆಗಿ, ನಾಲ್ಕನೆಯ ಪರೀಕ್ಷೆಗೆ ಒಂದೇ ಉಳಿಯುತ್ತದೆ.

ವಾಲ್ವ್‌ಗಳ ಒಳಗಿನ ಕೆಂಪು ಹೊಳಪನ್ನೂ ಗಮನಿಸಬೇಕು. ಕೆಲವು ಯಂತ್ರಗಳಲ್ಲಿ ಅವುಗಳ ಬಿಸಿತಂತಿಗಳನ್ನು ಹಬ್ಬದ ಹಳೇ ಸೀರಿಯಲ್ ಸೆಟ್ಟಿನಂತೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದು ತಂತಿ ಕಡಿದರೂ ಸಾಲಿಗೆ ಸಾಲೇ ತಣ್ಣಗಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಮುಚ್ಚಳ ತೆಗೆಯುವುದು ನಿಮ್ಮ ಕೆಲಸವಲ್ಲ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಅದು ಪ್ರಾಣ ತೆಗೆಯಬಲ್ಲದು. ಗುಂಡಿ ತಿರುಗಿಸಿ ಊಹಿಸುವುದು ನಿಮ್ಮ ಪಾಲು, ಒಳಗೆ ಕೈಹಾಕುವುದು ತಿಳಿದ ದೊಡ್ಡವರ ಪಾಲು.

ಅವರು ತೆರೆದಾಗ ಪಕ್ಕದಲ್ಲಿ ನಿಂತು ನೋಡಿ. ಬಿಳಿ ಪಿಂಗಾಣಿ ಪಟ್ಟಿಗಳ ಕಚ್ಚುಗಳಲ್ಲಿ ಬಿಡಿಭಾಗಗಳು ಓರಣವಾಗಿ ಕೂತಿರುತ್ತವೆ. ಆ ಕಚ್ಚುಗಳಿಗೆ ಬೆಳ್ಳಿಯ ತೆಳು ಲೇಪವಿದೆ. ಮಾಮೂಲಿ ಬೆಸುಗೆ ಹಾಕಿದರೆ ಲೇಪವೇ ಕರಗಿ ಬೆಸುಗೆಯೊಳಗೆ ಸೇರಿಹೋಗುತ್ತದೆ, ಆದ್ದರಿಂದ ಸ್ವಲ್ಪ ಬೆಳ್ಳಿ ಬೆರೆಸಿದ ಬೆಸುಗೆಯೇ ಬೇಕು. ಮುಂದೊಂದು ದಿನ ಇದನ್ನು ಯಾರೋ ರಿಪೇರಿ ಮಾಡಿಯೇ ಮಾಡುತ್ತಾರೆಂದು ಕಂಪನಿಯವರಿಗೆ ಗೊತ್ತಿತ್ತು. ಅಂಥ ಬೆಸುಗೆ ತಂತಿಯ ಪುಟ್ಟ ಸುರುಳಿಯೊಂದನ್ನು ಅವರು ಯಂತ್ರದ ಒಳಗೇ ಸಿಕ್ಕಿಸಿ ಕಳಿಸುತ್ತಿದ್ದರು.